ಬಾಯಲ್ಲಿ ವೀಳ್ಯವಿಲ್ಲ, ದವಡೆ ಮಾತ್ರ ಜಗಿಯುತ್ತಿದೆ

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಮೂಲಮನೆಯಲ್ಲಿ ಪೂಜೆ. ಮಧ್ಯಾಹ್ನದ ಊಟವಾಗಿ ಹಿರಿಯರೆಲ್ಲ ಚಾವಡಿಯಲ್ಲಿ ಸಾಲಾಗಿ ಕುಳಿತಿದ್ದರು. ವೀಳ್ಯದ ಹರಿವಾಣ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ನನ್ನ ಸೋದರಮಾವನವರು ಅದನ್ನು ಮುಟ್ಟದೆ ಮುಂದಕ್ಕೆ ಸರಿಸಿದರು. ಎಲೆಯಡಿಕೆ ಬಿಟ್ಟು ಅವರಿಗೆ ಆಗಲೇ ಹತ್ತು ವರ್ಷವಾಗಿತ್ತು. ಅಲ್ಲೇ ಆಡುತ್ತಿದ್ದ ಏಳು ವರ್ಷದ ಮೊಮ್ಮಗಳು ಅವರ ಮುಖವನ್ನೇ ನೋಡುತ್ತಾ ನಿಂತು, “ಅಜ್ಜ, ಬಾಯಲ್ಲಿ ಎಂತ ಉಂಟು? ನನಗೂ ಕೊಡಿ” ಎಂದಳು. “ಎಂತದೂ ಇಲ್ಲ ಮಗಾ” ಎಂದು ಅವರು ಬಾಯಿ ತೆರೆದು ತೋರಿಸಿದರು. ನಿಜವಾಗಿಯೂ ಏನೂ ಇರಲಿಲ್ಲ. ಆದರೆ ಬಾಯಿ ಮುಚ್ಚಿದೊಡನೆ ದವಡೆ ಮತ್ತೆ ಅತ್ತಿತ್ತ ಆಡತೊಡಗಿತು. ತುಟಿ ಮುಂದಕ್ಕೆ ಚಾಚಿ ಒಳಗೆ ಸರಿಯಿತು. ನಾಲಗೆ ಕೆನ್ನೆಯನ್ನು ಒಳಗಿನಿಂದ ಒತ್ತಿ ಉಬ್ಬಿಸಿತು.

ನಾವು ದೊಡ್ಡವರೆಲ್ಲ ಇದನ್ನು ಕೆಲವು ವರ್ಷಗಳಿಂದ ಕಂಡವರೇ. ಪ್ರಾಯವಾಯಿತು ಎಂದೊಬ್ಬರು, ವೀಳ್ಯ ತಿಂದ ಹಳೆಯ ಅಭ್ಯಾಸ ಎಂದೊಬ್ಬರು, ‘ಆ ಕಾಯಿಲೆಯೇ ಹಾಗೆ’ ಎಂದು ಮತ್ತೊಬ್ಬರು ಹೇಳಿ ಸುಮ್ಮನಾಗಿದ್ದೆವು. ಅದು ಪ್ರಾಯವೂ ಅಲ್ಲ, ಅಭ್ಯಾಸವೂ ಅಲ್ಲ, ಇಪ್ಪತ್ತನಾಲ್ಕು ವರ್ಷಗಳಿಂದ ಅವರು ದಿನವೂ ನುಂಗುತ್ತಿದ್ದ ಗುಳಿಗೆಯ ಪರಿಣಾಮ ಎಂದು ತಿಳಿದದ್ದು ಆ ಮಗು ಕೇಳಿದ ಪ್ರಶ್ನೆಯ ನಂತರ.

ವೈದ್ಯರು ಇದನ್ನು ‘ಟಾರ್ಡಿವ್ ಡಿಸ್ಕೈನೇಸಿಯಾ’ ಎನ್ನುತ್ತಾರೆ. ತಡವಾಗಿ ಬರುವ ಅಡ್ಡಾದಿಡ್ಡಿ ಚಲನೆ ಎಂದು ಅರ್ಥ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೊಟ್ಟೆ ಸೇರಿದ ಮೇಲೆ ಬಾಯಿ, ನಾಲಗೆ, ಕೆಲವೊಮ್ಮೆ ಕೈಬೆರಳು, ಕಾಲ್ಬೆರಳು, ಸೊಂಟ ತಾವಾಗಿಯೇ ಆಡತೊಡಗುತ್ತವೆ. ನಿದ್ದೆಯಲ್ಲಿ ಈ ಚಲನೆ ನಿಲ್ಲುತ್ತದೆ, ಎಚ್ಚರವಾದೊಡನೆ ಮತ್ತೆ ಬರುತ್ತದೆ. ವಿಚಿತ್ರವೆಂದರೆ ಎಷ್ಟೋ ರೋಗಿಗಳಿಗೆ ತಮ್ಮ ಬಾಯಿ ಆಡುತ್ತಿರುವುದೇ ತಿಳಿಯುವುದಿಲ್ಲ. ತಿಳಿಯುವುದು ಎದುರು ಕುಳಿತವರಿಗೆ. ಆದುದರಿಂದ ಈ ಲೇಖನ ಗುಳಿಗೆ ನುಂಗುವವರಿಗಿಂತಲೂ ಹೆಚ್ಚಾಗಿ ಅವರೊಡನೆ ಒಂದೇ ಮನೆಯಲ್ಲಿ ಬಾಳುವವರಿಗೆ.

ಮೊದಲೇ ಒಂದು ಮಾತು. ಮನೋರೋಗದ ಮದ್ದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಗುಳಿಗೆ ಇಲ್ಲದಿದ್ದರೆ ನನ್ನ ಮಾವ ತೋಟ ನೋಡುತ್ತಿರಲಿಲ್ಲ, ಅಡಿಕೆಯ ಲೆಕ್ಕ ಬರೆಯುತ್ತಿರಲಿಲ್ಲ, ಇಬ್ಬರು ಮಕ್ಕಳನ್ನು ಓದಿಸುತ್ತಿರಲಿಲ್ಲ. 1998ರಲ್ಲಿ ಅವರಿಗೆ ಕಾಯಿಲೆ ಬಂದಾಗ, ಬಾವಿಯೊಳಗಿನಿಂದ ಯಾರೋ ಕರೆಯುತ್ತಿದ್ದಾರೆ ಎಂದು ಹಗಲೂ ರಾತ್ರಿ ಹೇಳುತ್ತಿದ್ದರು. ಬಾವಿಕಟ್ಟೆಗೆ ಹಲಗೆ ಹಾಸಿ ಮುಚ್ಚಿ, ಮನೆಯವರು ಸರದಿಯಲ್ಲಿ ಕಾವಲು ಕುಳಿತದ್ದನ್ನು ನಾನು ಕಂಡಿದ್ದೇನೆ. ಆ ಧ್ವನಿಯನ್ನು ಅಡಗಿಸಿದ್ದು ಗುಳಿಗೆಯೇ.

ಈ ಬಗೆಯ ಮದ್ದಿನ ಚರಿತ್ರೆ ದೊಡ್ಡದಲ್ಲ. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್ ಪೂಲಂಕ್ ಕಂಪೆನಿಯಲ್ಲಿ ಪಾಲ್ ಶರ್ಪಾಂತಿಯೇ ಎಂಬ ರಸಾಯನಶಾಸ್ತ್ರಜ್ಞರು ಕ್ಲೋರ್‌ಪ್ರೊಮಜಿನ್ ತಯಾರಿಸಿದರು. ಶಸ್ತ್ರಕ್ರಿಯೆಗೆ ಮುನ್ನ ರೋಗಿಯನ್ನು ಶಾಂತಗೊಳಿಸಲು ಅದನ್ನು ಬಳಸಿ ನೋಡಿದವರು ಆನ್ರಿ ಲಬೋರಿ ಎಂಬ ಸೇನಾ ವೈದ್ಯರು. 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ ಮತ್ತು ಪಿಯೇರ್ ಡೆನಿಕೇರ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ಅರಚುತ್ತಿದ್ದವರು ಶಾಂತರಾದರು. ಭ್ರಮೆಗಳು ಹಿಂಜರಿದವು. ಅದುವರೆಗೆ ಸರಪಳಿ, ತಣ್ಣೀರು, ಕತ್ತಲೆಕೋಣೆ ಬಿಟ್ಟರೆ ಹೆಚ್ಚೇನೂ ಇಲ್ಲದಿದ್ದ ಕಡೆ ಇದು ಚಿಕ್ಕ ಸಂಗತಿಯಲ್ಲ.

ನಮ್ಮ ದೇಶದ್ದೂ ಒಂದು ಪಾಲು ಈ ಕಥೆಯಲ್ಲಿದೆ. ಸರ್ಪಗಂಧದ ಬೇರನ್ನು ಹುಚ್ಚಿಗೆ ಕೊಡುವ ಕ್ರಮ ನಾಟಿ ವೈದ್ಯದಲ್ಲಿ ಹಿಂದಿನಿಂದಲೂ ಇತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಪ್ರಯೋಜನವಾಗುತ್ತದೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. ರಿಸರ್ಪಿನ್ ಕೊಟ್ಟ ಮೊಲಗಳು ಅಲ್ಲಾಡದೆ ಮುದುಡಿ ಕುಳಿತವು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಆ ಮೊಲಗಳಿಗೆ ಎಲ್-ಡೋಪಾ ಕೊಟ್ಟಾಗ ಅವು ಮತ್ತೆ ಎದ್ದು ಓಡಾಡಿದವು. ಇದು 1957ರ ಮಾತು. ಮೈಯ ಚಲನೆಯನ್ನು ಆಳುವ ಡೋಪಮೀನ್ ಎಂಬ ದ್ರವ್ಯ ಮಿದುಳಿನಲ್ಲಿ ಇದೆ ಎಂದು ಅದರಿಂದ ಖಚಿತವಾಯಿತು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು. ಸರ್ಪಗಂಧ ಮತ್ತೊಮ್ಮೆ ಈ ಕಥೆಯೊಳಗೆ ಬರಲಿದೆ.

ಡೋಪಮೀನಿನ ವಿಚಾರದಲ್ಲಿಯೇ ಎಲ್ಲ ತೊಡಕೂ ಇರುವುದು. ಭ್ರಮೆಯ ಧ್ವನಿಗಳ ಹಿಂದೆಯೂ ಅದೇ ಡೋಪಮೀನಿನ ಅತಿಯಾದ ಚಟುವಟಿಕೆ ಇದೆ. ಹಾಲೊಪೆರಿಡಾಲ್, ಟ್ರೈಫ್ಲೂಪೆರಜಿನ್‌ಗಳಂಥ ಗುಳಿಗೆಗಳು ಅದು ಮುಟ್ಟಬೇಕಾದ ಬಾಗಿಲನ್ನು ಮುಚ್ಚುತ್ತವೆ. ಆದರೆ ಗುಳಿಗೆಗೆ ಮನಸ್ಸಿನ ಬಾಗಿಲು ಯಾವುದು, ಮೈಕೈ ಆಡಿಸುವ ಬಾಗಿಲು ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಮುಚ್ಚುತ್ತದೆ. ಅಡ್ಡಪರಿಣಾಮ ಅಲ್ಲಿಂದ ಶುರು.

ಈ ಪರಿಣಾಮಗಳು ಬರುವುದಕ್ಕೆ ಒಂದು ಕಾಲಕ್ರಮವಿದೆ.

ಮದ್ದು ಶುರುಮಾಡಿದ ಕೆಲವು ಗಂಟೆಗಳಿಂದ ಮೂರು ನಾಲ್ಕು ದಿನಗಳೊಳಗೆ ಬರುವಂಥದು ಸ್ನಾಯು ಸೆಟೆತ. ಕುತ್ತಿಗೆ ಒಂದು ಬದಿಗೆ ತಿರುಚಿ ನಿಲ್ಲುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಗೆ ಹೊರಚಾಚುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಪ್ರಾಯದ ಗಂಡುಮಕ್ಕಳಲ್ಲಿ ಹೆಚ್ಚು. ಕಂಡವರಿಗೆ ಇದು ಮೈಮೇಲೆ ಬಂದ ಹಾಗೆಯೇ ತೋರುತ್ತದೆ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಪ್ರಶ್ನೆ ಇಡಿಸಲು ಓಡುವುದು ಹೊಸತಲ್ಲ. ನಂಬಿಕೆ ಅವರವರದು, ಅದಕ್ಕೆ ನಾನು ಮಾತಿಲ್ಲ. ಆದರೆ ಮೊದಲು ಆಸ್ಪತ್ರೆಗೆ ಹೋಗಬೇಕು. ಗಂಟಲಿನ ಸ್ನಾಯು ಸೆಟೆದರೆ ಉಸಿರೇ ಕಟ್ಟೀತು. ಪ್ರೊಮೆಥಜಿನ್‌ನಂಥ ಒಂದು ಚುಚ್ಚುಮದ್ದು ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಚೀಟಿಯನ್ನು ಜೊತೆಗೆ ಒಯ್ಯಬೇಕು, ಅಷ್ಟೆ.

ವಾರಗಳು ಕಳೆದ ಮೇಲೆ ಬರುವುದು ಕಂಪವಾತದ ಪಡಿಯಚ್ಚು. ಕೈ ನಡುಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ನಡೆಯುವಾಗ ಕೈ ಬೀಸುವುದಿಲ್ಲ, ಮುಖದಲ್ಲಿ ನಗು ಅಳು ಎರಡೂ ಮೂಡುವುದಿಲ್ಲ, ಬಾಯಲ್ಲಿ ಜೊಲ್ಲು ನಿಲ್ಲುತ್ತದೆ. ‘ಮದ್ದು ತಿಂದು ಮಂಕಾಗಿದ್ದಾನೆ’ ಎನ್ನುತ್ತೇವಲ್ಲ, ಅದರಲ್ಲಿ ಎಷ್ಟೋ ಸಲ ಮಂಕಾದದ್ದು ಮನಸ್ಸಲ್ಲ, ಮುಖದ ಸ್ನಾಯು. ಪ್ರಮಾಣ ಇಳಿಸಿದರೆ ಅಥವಾ ಮದ್ದು ಬದಲಿಸಿದರೆ ಇದು ಬಹುಮಟ್ಟಿಗೆ ಹೋಗುತ್ತದೆ.

ಇವೆರಡರ ನಡುವೆ ಬರುವ ಇನ್ನೊಂದಿದೆ. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನದೇ ಒಂದು ತಪ್ಪು ಸೇರಿದೆ.

‘ಅಕಥೀಸಿಯಾ’ ಎಂದು ಅದರ ಹೆಸರು. ಗ್ರೀಕಿನಲ್ಲಿ ‘ಕೂರಲಾಗದಿರುವುದು’ ಎಂದರ್ಥ. 1901ರಲ್ಲಿ ಪ್ರಾಗ್ ನಗರದ ಹಾಷ್ಕೊವೆಟ್ಸ್ ಎಂಬ ವೈದ್ಯರು ಇಟ್ಟ ಹೆಸರು. ಈ ಮದ್ದುಗಳು ಹುಟ್ಟುವುದಕ್ಕಿಂತ ಐವತ್ತು ವರ್ಷ ಮೊದಲು. ಮದ್ದು ಶುರುವಾಗಿ ಅಥವಾ ಪ್ರಮಾಣ ಏರಿಸಿ ಕೆಲವು ದಿನ, ಕೆಲವು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ. ರೋಗಿ ಕುಳಿತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಾಲು ಬದಲಿಸುತ್ತಾನೆ, ಅಂಗಳದಲ್ಲಿ ಶತಪಥ ಹಾಕುತ್ತಾನೆ. ಹೊರಗೆ ಕಾಣುವುದು ಅಷ್ಟೇ. ಒಳಗಿನದು ಹೇಳಿದರೆ ಮಾತ್ರ ತಿಳಿಯುವಂಥದು. ಎಲುಬಿನೊಳಗೆ ಇರುವೆ ಹರಿದಂತೆ, ಚರ್ಮ ಸುಲಿದು ಹೊರಗೆ ಓಡಬೇಕೆನಿಸುವಂತೆ ಎಂದು ಅನುಭವಿಸಿದವರು ಹೇಳುತ್ತಾರೆ. ತಡೆಯಲಾರದೆ ಜೀವ ಕಳೆದುಕೊಳ್ಳುವ ಯೋಚನೆ ಬರುವುದೂ ಉಂಟು.

1998ರ ಮಳೆಗಾಲದಲ್ಲಿ ಮಾವನಿಗೆ ಮದ್ದು ಶುರುವಾಗಿ ಹತ್ತು ದಿನವಾಗಿತ್ತು. ರಾತ್ರಿಯಿಡೀ ಅಂಗಳದಿಂದ ಗೇಟಿಗೆ, ಗೇಟಿನಿಂದ ಅಂಗಳಕ್ಕೆ ನಡೆದರು. ಅತ್ತೆ ಕೈಹಿಡಿದು ಕೂರಿಸಿದರೆ ಕೊಸರಿ ಏಳುತ್ತಿದ್ದರು. “ಕೂರಲಿಕ್ಕೆ ಆಗುವುದಿಲ್ಲ ಮಾರಾಯ್ತಿ, ಬಿಡು ನನ್ನನ್ನು” ಎಂದು ಬೊಬ್ಬೆ ಹಾಕಿದ್ದೂ ಉಂಟು. ಮರುದಿನ ಆಸ್ಪತ್ರೆಗೆ ಹೋದೆವು. ವೈದ್ಯರು ತೆಂಕಣವರು, ಅವರಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಮಾವನಿಗೆ ಪೇಟೆಯ ವ್ಯವಹಾರಕ್ಕೆ ಸಾಕಾಗುವಷ್ಟು ಮಲಯಾಳ ಇತ್ತು. ಮೈಯೊಳಗಿನ ಸಂಕಟ ಹೇಳಲು ಸಾಲುತ್ತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನಾನೇ ದುಭಾಷಿ. ರಾತ್ರಿ ಏನಾಯಿತೆಂದು ವೈದ್ಯರು ಕೇಳಿದರು. ನಾನು ‘ವಲಿಯ ದೇಷ್ಯಂ’ ಎಂದೆ. ತುಂಬಾ ಸಿಟ್ಟು ಎಂದು. ಮನೆಯವರ ಕಣ್ಣಿಗೆ ಕಂಡದ್ದು ಸಿಟ್ಟೇ ತಾನೆ? ವೈದ್ಯರು ತಲೆಯಾಡಿಸಿ ಮದ್ದಿನ ಪ್ರಮಾಣ ಹೆಚ್ಚಿಸಿ ಬರೆದರು. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ನಾನು ಹೇಳಬೇಕಾಗಿದ್ದ ಮಾತು ‘ಇರಿಕ್ಕಾನ್ ಪಟ್ಟುನ್ನಿಲ್ಲ’ ಎಂಬುದು. ಕೂರಲಿಕ್ಕೆ ಆಗುವುದಿಲ್ಲ. ಮಾವ ತನ್ನ ಬಾಯಿಯಿಂದ ಕನ್ನಡದಲ್ಲಿ ಹೇಳಿದ್ದೂ ಅದನ್ನೇ. ಗ್ರೀಕಿನ ಹೆಸರಿನ ಅರ್ಥವೂ ಅದೇ. ಆ ಒಂದು ಮಾತನ್ನು ಇದ್ದ ಹಾಗೆ ದಾಟಿಸಿದ್ದರೆ ಯಾವ ಮನೋವೈದ್ಯರಿಗಾದರೂ ಕಿವಿ ನಿಮಿರುತ್ತಿತ್ತು. ಪ್ರಮಾಣ ಇಳಿಸುತ್ತಿದ್ದರು, ಪ್ರೊಪ್ರನೊಲಾಲ್ ಎಂಬ ಅಗ್ಗದ ಗುಳಿಗೆ ಬರೆಯುತ್ತಿದ್ದರು. ನಾನು ಸಂಕಟವನ್ನು ಸಿಟ್ಟಾಗಿ ಅನುವಾದಿಸಿದೆ. ವೈದ್ಯರು ಇನ್ನೆರಡು ಪ್ರಶ್ನೆ ಕೇಳಬಹುದಿತ್ತು, ನಿಜ. ಆದರೆ ಹೊರಗೆ ನೂರು ಜನ ಕಾಯುತ್ತಿದ್ದರು. ಮಾವ ಆ ಎರಡು ವಾರ ಹೇಗೆ ಕಳೆದರೆಂದು ನಾನು ಇಂದಿಗೂ ಅವರನ್ನು ಕೇಳಿಲ್ಲ.

ಗಡಿನಾಡಿನ ನಮ್ಮಂಥವರು ಶಾಲೆ, ಕಚೇರಿ, ಅರ್ಜಿ ನಮೂನೆಗಳಲ್ಲಿ ಭಾಷೆಯ ಹಕ್ಕಿನ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ. ಆಸ್ಪತ್ರೆಯ ಕೋಣೆಯ ಬಗ್ಗೆ ಅಷ್ಟು ಮಾತಾಡಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ 22ನೆಯ ಕಲಮಿನಲ್ಲಿ, ಕಾಯಿಲೆ ಎಂಥದು, ಚಿಕಿತ್ಸೆ ಏನು, ಆ ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮಗಳೇನು ಎಂಬುದನ್ನು ತಿಳಿಯುವ ಹಕ್ಕು ರೋಗಿಗೂ ಅವನು ನೇಮಿಸಿದ ಪ್ರತಿನಿಧಿಗೂ ಇದೆ ಎಂದಿದೆ. ಮತ್ತು ಆ ಮಾಹಿತಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ಸಿಗಬೇಕು ಎಂದೂ ಇದೆ. ಕಾಯಿದೆಯ ಪುಸ್ತಕ ಹಿಡಿದು ವೈದ್ಯರೊಡನೆ ಜಗಳಕ್ಕೆ ನಿಲ್ಲಿ ಎಂದು ನಾನು ಹೇಳುವುದಿಲ್ಲ. ಕನ್ನಡ ಬಲ್ಲ ದಾದಿಯನ್ನೋ ಸಿಬ್ಬಂದಿಯನ್ನೋ ಕರೆಯಿರಿ ಎಂದು ಕೇಳಲು ಸಂಕೋಚ ಬೇಡ, ಅದು ಉಪಕಾರ ಬೇಡುವುದಲ್ಲ, ಅಷ್ಟೇ. ದುಭಾಷಿಯಾಗಿ ಹೋಗುವವರಿಗೂ ಒಂದು ಮಾತು: ರೋಗಿ ಆಡಿದ ಮಾತನ್ನು ಮೊದಲು ಹಾಗೆಯೇ ಹೇಳಿ, ನಿಮ್ಮ ಅಭಿಪ್ರಾಯ ಆಮೇಲೆ. ‘ಕುಲ್ಲೆರೆ ಆಪುಜಿ’ ಎಂದು ತುಳುವಿನಲ್ಲಿ ಹೇಳಿದರೆ ಅದನ್ನೇ ದಾಟಿಸಿ. ‘ಇವನಿಗೆ ಹುಚ್ಚು ಜಾಸ್ತಿಯಾಗಿದೆ’ ಎಂಬುದು ನಿಮ್ಮ ತೀರ್ಪು, ಅವನ ಮಾತಲ್ಲ.

ಇನ್ನು ಆ ಬಾಯಿಯಾಟಕ್ಕೆ ಬರೋಣ. ಕ್ಲೋರ್‌ಪ್ರೊಮಜಿನ್ ಬಂದು ಐದು ವರ್ಷವಾಗುವಷ್ಟರಲ್ಲಿ, 1957ರಲ್ಲಿ, ಜರ್ಮನಿಯ ವೈದ್ಯರೊಬ್ಬರು ಇದನ್ನು ವರದಿಮಾಡಿದರು. ‘ತಡವಾಗಿ ಬರುವ’ ಎಂಬ ಹೆಸರು ಡೆನ್ಮಾರ್ಕಿನಿಂದ 1964ರಲ್ಲಿ ಬಂತು. ಆದರೂ ಇದು ಮದ್ದಿನದೋ ರೋಗದ್ದೋ ಎಂಬ ಚರ್ಚೆ ಬಹುಕಾಲ ನಡೆಯಿತು. ಚರ್ಚೆಗೆ ಆಧಾರವೂ ಇತ್ತೆನ್ನಬೇಕು. ಈ ಮದ್ದುಗಳೇ ಇಲ್ಲದ ಕಾಲದಲ್ಲಿ ಕ್ರೇಪೆಲಿನ್ ಎಂಬ ಪ್ರಸಿದ್ಧ ವೈದ್ಯರು ಕೆಲವು ರೋಗಿಗಳಲ್ಲಿ ಇಂಥದೇ ಮುಖಚಲನೆ ಕಂಡು ಬರೆದಿಟ್ಟಿದ್ದರು. ಸರಿ ಕೂರದ ಹಲ್ಲುಸೆಟ್ಟಿನಿಂದಲೂ ಬಾಯಿ ಆಡುವುದುಂಟು. ಆದುದರಿಂದ ಬಾಯಿ ಆಡಿದೊಡನೆ ಮದ್ದಿನದೇ ಎಂದು ಮನೆಯಲ್ಲಿ ತೀರ್ಮಾನಿಸುವುದು ಸಲ್ಲದು. ತೋರಿಸುವುದು ನಮ್ಮ ಕೆಲಸ, ತೀರ್ಮಾನ ವೈದ್ಯರದು.

ಎಷ್ಟು ಮಂದಿಗೆ ಬರುತ್ತದೆ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಈ ಮದ್ದು ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಸುಮಾರು 25 ಮಂದಿಯಲ್ಲಿ ಇದರ ಲಕ್ಷಣ ಇತ್ತು. ಹಳೆಯ ಮದ್ದಿನವರಲ್ಲಿ ಸುಮಾರು 30, ಹೊಸ ಮದ್ದಿನವರಲ್ಲಿ ಸುಮಾರು 20. ಹಳೆಯದನ್ನು ಎಂದೂ ಮುಟ್ಟದೆ ಹೊಸದನ್ನೇ ತೆಗೆದುಕೊಂಡವರಲ್ಲಿ 7ರ ಆಸುಪಾಸು. ಪ್ರಾಯವಾದವರು, ಹೆಂಗಸರು, ಸಕ್ಕರೆ ಕಾಯಿಲೆಯವರು, ಹೆಚ್ಚು ಪ್ರಮಾಣದಲ್ಲಿ ಹೆಚ್ಚು ಕಾಲ ಮದ್ದು ನುಂಗಿದವರು, ಮೊದಲ ದಿನಗಳಲ್ಲಿಯೇ ನಡುಕ-ಸೆಟೆತ ಕಂಡವರು, ಇವರಿಗೆ ಅಪಾಯ ಹೆಚ್ಚು. ಅರುವತ್ತು ದಾಟಿದವರಲ್ಲಿ ವರ್ಷಗಳೇ ಬೇಕಿಲ್ಲ, ಕೆಲವು ತಿಂಗಳೂ ಸಾಕು.

ಮೋಸವೊಂದಿದೆ ಇದರಲ್ಲಿ. ಮದ್ದು ಕಡಿಮೆ ಮಾಡಿದರೆ ಬಾಯಿಯಾಟ ಮೊದಲಿಗೆ ಹೆಚ್ಚಾಗಬಹುದು, ಹೆಚ್ಚು ಮಾಡಿದರೆ ಸ್ವಲ್ಪ ಕಾಲ ಅಡಗಬಹುದು. ಬಹುಕಾಲ ಮುಚ್ಚಿದ್ದ ಬಾಗಿಲು ಡೋಪಮೀನಿಗೆ ಅತಿಯಾಗಿ ಸ್ಪಂದಿಸತೊಡಗುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಹಾಗಾಗಿ ಮನೆಯವರು ತಾವೇ ಗುಳಿಗೆ ಏರಿಸಿ ಇಳಿಸಿ ಪರೀಕ್ಷೆ ಮಾಡಿದರೆ ತಪ್ಪು ಉತ್ತರವೇ ಸಿಗುವುದು.

ಇನ್ನೊಂದು ಗುಳಿಗೆಯ ಹೆಸರು ಈ ಜಾಗದಲ್ಲಿ ಹೇಳಲೇಬೇಕು: ಟ್ರೈಹೆಕ್ಸಿಫೆನಿಡಿಲ್. ಪಾಸಿಟೇನ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ನಡುಕಕ್ಕೂ ಸೆಟೆತಕ್ಕೂ ಅದು ಒಳ್ಳೆಯ ಮದ್ದು. ಆದರೆ ತಡವಾಗಿ ಬರುವ ಬಾಯಿಯಾಟವನ್ನು ಅದು ಹೆಚ್ಚಿಸಬಲ್ಲುದು. ಪ್ರಾಯದವರಿಗೆ ಮರೆವು, ಮಲಬದ್ಧತೆ, ಮೂತ್ರ ಕಟ್ಟುವುದು ಬೇರೆ. ಆರಂಭದಲ್ಲಿ ಕೆಲವು ತಿಂಗಳಿಗೆಂದು ಬರೆದದ್ದು ಚೀಟಿಯಿಂದ ಚೀಟಿಗೆ ದಾಟಿ ವರ್ಷಗಟ್ಟಲೆ ಮುಂದುವರಿಯುವುದನ್ನು ಕಾಣುತ್ತೇವೆ. ನಮ್ಮ ಮಾವನದೂ ಅದೇ ಪಾಡು. ಅವರ ವೈದ್ಯರು ನಿವೃತ್ತರಾದ ಮೇಲೆ ಹಳೆಯ ಚೀಟಿ ತೋರಿಸಿ ಮದ್ದಿನಂಗಡಿಯಿಂದ ಗುಳಿಗೆ ತರುವುದು ರೂಢಿಯಾಯಿತು. ರೋಗಿಯನ್ನು ಯಾರೂ ನೋಡದೆಯೇ ಹನ್ನೊಂದು ವರ್ಷ! ತಂದುಕೊಡುತ್ತಿದ್ದವರಲ್ಲಿ ನಾನೂ ಒಬ್ಬ.

ಮನೋರೋಗದ ಹೆಸರೇ ಇಲ್ಲದ ಮನೆಗಳೂ ಇಲ್ಲಿ ಗಮನಿಸಬೇಕಾದ್ದಿದೆ. ಡೋಪಮೀನಿನ ಅದೇ ಬಾಗಿಲು ಮುಚ್ಚುವ ಗುಳಿಗೆಗಳು ಬೇರೆ ವೇಷದಲ್ಲಿಯೂ ಬರುತ್ತವೆ. ವಾಂತಿಗೆ ಕೊಡುವ ಮೆಟಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಹೊಟ್ಟೆಯುರಿಯ ಗುಳಿಗೆಯೊಂದಿಗೆ ಸೇರಿಸಿ ಮಾರುವ ಲೆವೊಸಲ್ಪಿರೈಡ್. ಅರೆತಲೆನೋವಿಗೂ ತಲೆಸುತ್ತಿಗೂ ಕೊಡುವ ಫ್ಲೂನರಿಜಿನ್, ಸಿನ್ನರಿಜಿನ್. ಮೆಟಕ್ಲೋಪ್ರಮೈಡನ್ನು 12 ವಾರ ಮೀರಿ ಬಳಸಬಾರದೆಂದು ಅಮೆರಿಕದ ಔಷಧ ಇಲಾಖೆ 2009ರಲ್ಲಿಯೇ ಕಟ್ಟುನಿಟ್ಟಿನ ಎಚ್ಚರಿಕೆ ಬರೆಸಿತು. ನಮ್ಮಲ್ಲಿ ‘ಗ್ಯಾಸಿನ ಗುಳಿಗೆ’, ‘ತಲೆತಿರುಗುವ ಗುಳಿಗೆ’ ಎಂದು ಕೇಳಿ ತಂದು ವರ್ಷಗಟ್ಟಲೆ ನುಂಗುವ ಅಜ್ಜ ಅಜ್ಜಿಯಂದಿರು ಎಷ್ಟಿಲ್ಲ? ಅಜ್ಜಿಯ ಕೈ ನಡುಗತೊಡಗಿದರೆ, ಹೆಜ್ಜೆ ಎಳೆಯತೊಡಗಿದರೆ ಗುಳಿಗೆಯ ಡಬ್ಬಿಯನ್ನೂ ವೈದ್ಯರ ಮೇಜಿನ ಮೇಲಿಡಿ. ಗ್ಯಾಸಿನ ಗುಳಿಗೆ ನಿಂತ ಕೆಲವು ತಿಂಗಳಲ್ಲಿ ನಡುಕವೂ ನಿಂತ ಉದಾಹರಣೆಗಳು ಬೇಕಾದಷ್ಟಿವೆ.

ಇಷ್ಟು ಓದಿ ಯಾರಾದರೂ ನಾಳೆಯಿಂದಲೇ ಮನೋರೋಗದ ಗುಳಿಗೆ ನಿಲ್ಲಿಸಲು ಹೊರಟರೆ ಈ ಲೇಖನ ಬರೆಯದಿರುವುದೇ ಲೇಸಿತ್ತು. ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ನಾವು 2020ರ ಮಾರ್ಚಿನಲ್ಲಿ ಕಂಡಿದ್ದೇವೆ. ಕೊರೋನಾ ಕಾಲದಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಈಚೆಗೇ ಉಳಿದರು. ಹೃದ್ರೋಗಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮನೋರೋಗದ ಮದ್ದು ಮುಗಿದ ಮನೆಗಳ ಸುದ್ದಿ ಮನೆಯೊಳಗೇ ಉಳಿಯಿತು. ನಮ್ಮ ಮನೆಯಲ್ಲಿ ಹತ್ತೊಂಬತ್ತು ದಿನ ಗುಳಿಗೆ ಇರಲಿಲ್ಲ. ಹದಿಮೂರನೆಯ ದಿನ ಮಾವ ಬಾವಿಕಟ್ಟೆಯ ಬಳಿ ಹೋಗಿ ಕಿವಿಗೊಟ್ಟು ನಿಂತರು. ಅತ್ತೆ ಮತ್ತೆ ಹಲಗೆ ಹುಡುಕಿದರು.

ಆದರೆ ತಕ್ಷಣ ಮದ್ದು ತಡೆದು ಆಸ್ಪತ್ರೆಗೆ ಓಡಬೇಕಾದ ಸಂದರ್ಭವೂ ಒಂದಿದೆ. ವಿಪರೀತ ಜ್ವರ, ಮೈಯೆಲ್ಲ ಕೊರಡಿನಂತೆ ಬಿಗಿಯುವುದು, ಧಾರಾಕಾರ ಬೆವರು, ಪ್ರಜ್ಞೆ ಮಸುಕಾಗುವುದು, ಇವು ಒಟ್ಟಿಗೆ ಬಂದರೆ ಅದು ಸಾಮಾನ್ಯ ಜ್ವರವಲ್ಲ. ‘ನ್ಯೂರೊಲೆಪ್ಟಿಕ್ ಮಾಲಿಗ್ನಂಟ್ ಸಿಂಡ್ರೋಮ್’ ಎಂಬ ಅಪರೂಪದ, ಆದರೆ ಪ್ರಾಣ ತೆಗೆಯಬಲ್ಲ ಪರಿಣಾಮ. ಮಳೆಗಾಲದಲ್ಲಿ ಎಲ್ಲ ಜ್ವರವೂ ನಮಗೆ ಡೆಂಗಿಯೋ ಇಲಿಜ್ವರವೋ ಆಗಿ ತೋರುತ್ತದೆ. ಈ ಮದ್ದು ತಿನ್ನುವವರಿಗೆ ಜ್ವರ ಬಂದರೆ ಮದ್ದಿನ ಹೆಸರನ್ನು ಮೊದಲೇ ಹೇಳಬೇಕು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಅಂದೇ ರಕ್ತ ಪರೀಕ್ಷಿಸಬೇಕು. ಬಿಳಿ ರಕ್ತಕಣ ಕುಸಿದಿರಬಹುದು. 1975ರಲ್ಲಿ ಫಿನ್ಲೆಂಡಿನಲ್ಲಿ ಇದರಿಂದ ಸಾವುಗಳಾಗಿ ಆ ಮದ್ದನ್ನೇ ಹಲವೆಡೆ ಹಿಂದೆಗೆದುಕೊಂಡಿದ್ದರು. ಬೇರೆ ಯಾವುದಕ್ಕೂ ಬಗ್ಗದ ರೋಗಕ್ಕೆ ಅದೇ ಬಲವಾದ ಮದ್ದೆಂದು 1988ರಲ್ಲಿ ರುಜುವಾತಾದ ಮೇಲೆ ರಕ್ತಪರೀಕ್ಷೆಯ ಕಟ್ಟುಪಾಡಿನೊಂದಿಗೆ ಮರಳಿ ಬಂತು. ಬಾಯಿಯಾಟ ಅದರಲ್ಲಿ ತೀರಾ ಕಡಿಮೆ. ಇನ್ನು ಲಿಥಿಯಂ ತೆಗೆದುಕೊಳ್ಳುವವರು ವಾಂತಿಭೇದಿಯಾದಾಗ, ಮೈಕೈ ನೋವಿಗೆಂದು ಅಂಗಡಿಯ ನೋವಿನ ಗುಳಿಗೆ ನುಂಗುವಾಗ ಎಚ್ಚರವಾಗಿರಬೇಕು. ರಕ್ತದಲ್ಲಿ ಲಿಥಿಯಂ ಏರಿ ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು ಕಂಡರೆ ಕಾಯಬಾರದು.

ಬಾಯಿಯಾಟಕ್ಕೆ ಮದ್ದು ಇಲ್ಲವೇ? ಇದೆ, ಪೂರ್ತಿ ಗುಣದ ಭರವಸೆ ಇಲ್ಲ. ಬೇಗ ಕಂಡುಹಿಡಿದಷ್ಟೂ ಒಳ್ಳೆಯದು. ಪ್ರಮಾಣ ಇಳಿಸುವುದು, ಕ್ವೆಟಿಯಪಿನ್ ಅಥವಾ ಕ್ಲೋಜಪಿನ್‌ಗೆ ನಿಧಾನವಾಗಿ ಬದಲಾಯಿಸುವುದು ಒಂದು ದಾರಿ. ಟೆಟ್ರಬೆನಜಿನ್ ಇನ್ನೊಂದು. ಅದೇ ಜಾತಿಯ ವಾಲ್ಬೆನಜಿನ್, ಡ್ಯೂಟೆಟ್ರಬೆನಜಿನ್ ಎಂಬ ಎರಡಕ್ಕೆ ಅಮೆರಿಕದಲ್ಲಿ 2017ರಲ್ಲಿ ಈ ತೊಂದರೆಗೆಂದೇ ಅನುಮತಿ ಸಿಕ್ಕಿತು. ಇವು ಮಿದುಳಿನಲ್ಲಿ ಹಿಡಿಯುವ ಜಾಗ, ಹಿಂದೆ ಹೇಳಿದ ಸರ್ಪಗಂಧದ ರಿಸರ್ಪಿನ್ ಹಿಡಿಯುತ್ತಿದ್ದ ಜಾಗವೇ! ಉನ್ಮಾದಕ್ಕೆ ಕೊಟ್ಟ ಬೇರು ಹಲವು ದಶಕ ಸುತ್ತಿ, ಉನ್ಮಾದದ ಮದ್ದು ತಂದಿಟ್ಟ ತೊಂದರೆಗೆ ದಾರಿ ತೋರಿದಂತಾಯಿತು.

ಪರೀಕ್ಷೆಯಾದರೋ ತೀರಾ ಸರಳ. 1976ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಒಂದು ಕ್ರಮ ಇಂದಿಗೂ ಬಳಕೆಯಲ್ಲಿದೆ, ಹತ್ತು ನಿಮಿಷ ಸಾಕು. ರೋಗಿಯನ್ನು ಕೈ ಮೊಣಕಾಲ ಮೇಲಿಟ್ಟು ಕೂರಿಸುವುದು, ಬಾಯಿ ತೆರೆಸುವುದು, ನಾಲಗೆ ಚಾಚಿಸುವುದು, ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟಿಸುವುದು, ನಾಲ್ಕು ಹೆಜ್ಜೆ ನಡೆಸುವುದು. ವರ್ಷಕ್ಕೆ ಒಂದೆರಡು ಸಲವಾದರೂ ಇದನ್ನು ಮಾಡಬೇಕೆಂದು ನಿಯಮ. ಮಾಡದಿದ್ದರೆ ಕೇಳಿ. ಮನೆಯಲ್ಲಿ, ಅವರು ಟಿ.ವಿ. ನೋಡುತ್ತಾ ಮೈಮರೆತು ಕುಳಿತಾಗ, ಅವರ ಒಪ್ಪಿಗೆಯಿಂದ ಮೊಬೈಲಿನಲ್ಲಿ ಎರಡು ನಿಮಿಷದ ಚಿತ್ರ ತೆಗೆದಿಟ್ಟರೆ ಅನುವಾದದ ತೊಂದರೆಯೇ ಇಲ್ಲ. ವೈದ್ಯರು ದೂರವಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. 2022ರಲ್ಲಿ ಶುರುವಾದ ಈ ಸೇವೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿದೆ. ಮದ್ದಿನ ಅಡ್ಡಪರಿಣಾಮವನ್ನು ದಾಖಲಿಸಲು 1800-180-3024 ಎಂಬ ಉಚಿತ ಸಂಖ್ಯೆ ಇದೆ. ರೋಗಿಯೇ ಹೇಳಬಹುದು, ವೈದ್ಯರೇ ಹೇಳಬೇಕೆಂದಿಲ್ಲ.

ಪೂಜೆಯ ಮರುವಾರ ಮಾವನನ್ನು ಮಂಗಳೂರಿಗೆ ಕರೆದೊಯ್ದೆವು. ಪ್ರಾಯದ ವೈದ್ಯೆ, ಕನ್ನಡ ಬಲ್ಲವರು. ಎದುರು ಕೂರಿಸಿ ಅವರು ಕೇಳಿದ ಮೊದಲ ಪ್ರಶ್ನೆ: “ಬಾಯಲ್ಲಿ ಏನಾದರೂ ಇದೆಯೇ?” ನಾನು ಬೆಚ್ಚಿದೆ. ಆ ಪರೀಕ್ಷೆ ಶುರುವಾಗುವುದೇ ಆ ಪ್ರಶ್ನೆಯಿಂದ ಎಂದು ಆಮೇಲೆ ತಿಳಿಯಿತು. ಪಾಸಿಟೇನ್ ಮೆಲ್ಲಮೆಲ್ಲನೆ ನಿಂತಿತು. ಹಳೆಯ ಗುಳಿಗೆ ಆರು ತಿಂಗಳಲ್ಲಿ ಹಂತಹಂತವಾಗಿ ಇಳಿದು ಬೇರೊಂದು ಬಂತು. ನಡುವೆ ಎರಡು ತಿಂಗಳು ಬಾಯಿಯಾಟ ಹೆಚ್ಚಾಗಿ, ಗಂಜಿಯೂ ತುಟಿಯಿಂದ ಚೆಲ್ಲುತ್ತಿತ್ತು. ಹಾಗಾಗಬಹುದೆಂದು ವೈದ್ಯೆ ಮೊದಲೇ ಹೇಳಿದ್ದರಿಂದ ಅತ್ತೆ ಧೈರ್ಯಗೆಡಲಿಲ್ಲ. ಈಗ ಅರ್ಧಕ್ಕರ್ಧ ಇಳಿದಿದೆ. ಪೂರ್ತಿ ಹೋಗಿಲ್ಲ, ಹೋಗಲಿಕ್ಕಿಲ್ಲ ಎಂದೇ ವೈದ್ಯೆಯ ಮಾತು. ಬಾವಿಯ ಧ್ವನಿ ಮರಳಿಲ್ಲ.

ಮೊಮ್ಮಗಳಿಗೆ ಈಗ ಹತ್ತು ವರ್ಷ. ಅಜ್ಜನ ಹೆಸರಿನಲ್ಲೊಂದು ಪುಸ್ತಕ ಇಟ್ಟಿದ್ದಾಳೆ. ತಿಂಗಳಿಗೊಮ್ಮೆ ಅವರನ್ನು ಚಾವಡಿಯ ಬೆಂಚಿನ ಮೇಲೆ ಕೂರಿಸಿ, “ಅಜ್ಜ, ಬಾಯಲ್ಲಿ ಎಂತ ಉಂಟು?” ಎಂದು ಕೇಳಿ, ನಾಲಗೆ ಚಾಚಿಸಿ, ನೋಡಿದ್ದನ್ನು ಬರೆಯುತ್ತಾಳೆ. ಕಳೆದ ತಿಂಗಳ ಪುಟದಲ್ಲಿ ಹೀಗಿದೆ: ‘ನಾಲಗೆ ಸ್ವಲ್ಪ ಆಡುತ್ತದೆ. ತುಟಿ ಆಡುವುದಿಲ್ಲ. ಅಜ್ಜ ನಗಾಡಿದರು.’